ಇವತ್ತಿಗೆ ಎಷ್ಟು ಮೆಟ್ಟಿಲು

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಅಡುಗೆ ಬರುತ್ತದೆಯೇ ಎಂದಲ್ಲ, ಮೆಟ್ಟಿಲೆಷ್ಟು ಎಂದು. ಗುಡ್ಡದ ಮೇಲಿನ ಚಾವಡಿಗೆ ಹೋಗುವ ಮೆಟ್ಟಿಲ ಸಾಲು ಇರುವುದು ಒಂದೇ. ಆದರೆ ಬಳೆ ಅಂಗಡಿಯ ಸಾಕಮ್ಮನಿಗೆ ಅದು ಎಂಬತ್ತೆರಡು, ಅವಳ ಗಂಡನಿಗೆ ನೂರಾ ಏಳು, ಮಗಳಿಗೆ ಐವತ್ತು. ಮೂವರೂ ಒಟ್ಟಿಗೆ ಹೊರಟರೂ ಮಗಳು ಮೇಲೆ ಹೋಗಿ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿರುತ್ತಾಳೆ, ಅಪ್ಪ ಇನ್ನೂ ಅರ್ಧದಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾನೆ. ಮಗುವಿಗೆ ಐದು ತುಂಬಿದಾಗ ಮೊದಲ ಸಲ ಹತ್ತಿಸುತ್ತಾರೆ. ಹತ್ತುವಾಗ ಗಟ್ಟಿಯಾಗಿ ಎಣಿಸಬೇಕು. ಬಾಯಿಬಿಟ್ಟು ಎಣಿಸದೆ ಹತ್ತಿದ್ದು ಹತ್ತಿದ್ದಲ್ಲ, ಬೇರೆಯವರು ಹೊತ್ತು ತಂದರೂ ಹತ್ತಿದ್ದಲ್ಲ. ಮೇಲೆ ತಲುಪಿದಾಗ ಬಂದ ಅಂಕಿಯನ್ನು ಊರಪಟ್ಟಿಯಲ್ಲಿ ಹೆಸರಿನ ಮುಂದೆ ಬರೆಯುತ್ತಾರೆ. ಸಾಯುವ ತನಕ ಅದೇ ಅಂಕಿ.

ನನ್ನ ಹೆಸರಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಶಾಲೆ ಇರುವುದು ಚಾವಡಿಯ ಪಕ್ಕದಲ್ಲೇ. ದಿನಾ ತುಟಿ ಕಚ್ಚಿಕೊಂಡು ಹತ್ತುತ್ತಿದ್ದೆ, ಮೇಲೆ ಮೇಷ್ಟ್ರು "ಕೇಳಿಸಲಿಲ್ಲ, ಕೆಳಗಿಳಿದು ಮತ್ತೆ ಬಾ" ಎನ್ನುತ್ತಿದ್ದರು. ಭಯಕ್ಕೆ ಮನಸ್ಸಿನಲ್ಲಿ ಎಣಿಸಿದ್ದೂ ತಪ್ಪಿಹೋಗುತ್ತಿತ್ತು. ಮೂರನೇ ಕ್ಲಾಸಿನ ಹೊತ್ತಿಗೆ ಮೇಷ್ಟ್ರಿಗೂ ಸಾಕಾಯಿತು, ನನಗೂ ಸಾಕಾಯಿತು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಾಯುತ್ತಿದ್ದ ಅಜ್ಜಿಯ ಪಕ್ಕದಲ್ಲಿ ಕೂತುಬಿಟ್ಟೆ. ಅಜ್ಜಿ ಹೋದ ಮೇಲೆ ಆ ಜಾಗ, ಆ ಮಣೆ, ಗೋಡೆಯಲ್ಲಿ ಕೊರೆದ ನೂರಾರು ಚಪ್ಪಲಿ ಗೂಡು ಎಲ್ಲ ನನ್ನದಾಯಿತು.

ಅಲ್ಲಿ ಕೂತವರಿಗೆ ಬೇರೆ ಕೆಲಸವಿಲ್ಲ. ನೋಡಬೇಕು, ಕೇಳಿಸಿಕೊಳ್ಳಬೇಕು. ಯಾರ ಹಿಮ್ಮಡಿ ಒಡೆದಿದೆ, ಯಾರು ಅಣ್ಣನ ಚಪ್ಪಲಿ ಹಾಕಿಕೊಂಡು ಬಂದಿದ್ದಾರೆ, ಎಲ್ಲ ನನಗೆ ಗೊತ್ತು. ಊರಿನವರ ಅಂಕಿಗಳೂ ಬಾಯಿಪಾಠ. ಹೀಗಿರುವಾಗ ಒಂದು ದಿನ ಸಾಕಮ್ಮ ಹತ್ತುವುದು ಕೇಳಿಸಿತು. "ಎಂಬತ್ತು, ಎಂಬತ್ತೊಂದು, ಎಂಬತ್ತೆರಡು" ಎಂದಳು. ಆಮೇಲೆ ದನಿ ಇಳಿಸಿ "ಎಂಬತ್ತೆರಡು, ಎಂಬತ್ತೆರಡು, ಎಂಬತ್ತೆರಡು" ಎನ್ನುತ್ತಾ ಹೋದಳು. ತಲೆಯೆತ್ತಿ ನೋಡಿದೆ. ಅವಳು ಇನ್ನೂ ಹತ್ತುತ್ತಲೇ ಇದ್ದಳು. ಮೇಲೆ ತಲುಪಿ, ಸೆರಗು ಸರಿಮಾಡಿಕೊಂಡು, ಮತ್ತೊಮ್ಮೆ ಗಟ್ಟಿಯಾಗಿ "ಎಂಬತ್ತೆರಡು!" ಎಂದಳು.

ಇದೇನು ಸೋಜಿಗ ಎನಿಸಿತು. ಅವತ್ತಿನಿಂದ ಕಿವಿಗೊಟ್ಟು ಕೇಳತೊಡಗಿದೆ. ಸಾಕಮ್ಮ ಒಬ್ಬಳೇ ಅಲ್ಲ. ಗರಡಿಮನೆಯ ಕೆಂಚಣ್ಣ, ಊರಲ್ಲೇ ಗಟ್ಟಿಗ, ಅವನದು ನಲವತ್ತನಾಲ್ಕು. ಕೆಲವು ದಿನ ನಲವತ್ತನಾಲ್ಕಕ್ಕೇ ಮೇಲಿರುತ್ತಿದ್ದ. ಕೆಲವು ದಿನ ನಲವತ್ತನಾಲ್ಕನ್ನೇ ಅರವತ್ತು ಸಲ ಗೊಣಗುತ್ತಿದ್ದ. ಚಾವಡಿಯ ಅಧ್ಯಕ್ಷರು ಶಾಂತಮಲ್ಲಯ್ಯನವರು ಅರವತ್ತೊಂದರ ಮೇಲೆ ಕೆಮ್ಮತೊಡಗುತ್ತಿದ್ದರು, ಕೆಮ್ಮಿನ ಮಧ್ಯೆ ಮಧ್ಯೆ ಅರವತ್ತೊಂದು. ಮರೆತುಹೋಗಬಾರದೆಂದು ನಾನು ಅಂಥವರ ಚಪ್ಪಲಿ ಗೂಡಿನಲ್ಲಿ, ಹೆಚ್ಚಾದ ಒಂದೊಂದು ಮೆಟ್ಟಿಲಿಗೆ ಒಂದೊಂದು ಹುಣಸೆ ಬೀಜ ಹಾಕುತ್ತಾ ಬಂದೆ. ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಬಾಯಿ ಇದ್ದರಲ್ಲವೇ?

ಆ ಗೂಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೀಜ ಇದ್ದದ್ದು ನಮ್ಮ ಅತ್ತಿಗೆ ಚೆಲುವಾಂಬೆಯದರಲ್ಲಿ. ಆಕೆ ಬರೀ ಮೂವತ್ತೊಂಬತ್ತು ಮೆಟ್ಟಿಲಿನ ಹುಡುಗಿ. ಆ ಅಂಕಿ ನೋಡಿಯೇ ಅಮ್ಮ ಆಕೆಯನ್ನು ಅಣ್ಣನಿಗೆ ತಂದುಕೊಂಡದ್ದು. ಮದುವೆಯಾದ ಹೊಸದರಲ್ಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ಹತ್ತಿ, ಹಾಡು ಹೇಳಿ, ಇಳಿದು ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಊರಿಗೆಲ್ಲ ಒಂದು ಜ್ವರ ಬಂತು. ಎಲ್ಲರಿಗೂ ಬಿಟ್ಟಿತು. ಅತ್ತಿಗೆಗೂ ಬಿಟ್ಟಿತು, ಆದರೆ ಆಕೆ ಮೊದಲಿನ ಹಾಗೆ ಆಗಲಿಲ್ಲ. ಒಂದು ದಿನ ಮೂವತ್ತೊಂಬತ್ತು, ಮಾರನೇ ದಿನ ಇನ್ನೂರು. ಇನ್ನೂರು ಹತ್ತಿದರೆ ಎರಡು ದಿನ ಬಿಟ್ಟು ಬೀಳುತ್ತಿದ್ದರು: ತಲೆಗೆ ಬಾಚಣಿಗೆ ಎತ್ತಲಾಗದು, ಬೆಳಕು ಕಂಡರಾಗದು, ಪಾತ್ರೆಯ ಸದ್ದು ಕೇಳಿದರೆ ಕಣ್ಣಲ್ಲಿ ನೀರು. ನಿದ್ದೆ ಮಾಡಿ ಎದ್ದರೂ ನಿದ್ದೆಯೇ ಮಾಡದವರ ಹಾಗೆ ಇರುತ್ತಿದ್ದರು. ವೈದ್ಯರು ನಾಡಿ ಹಿಡಿದು "ಎಲ್ಲ ಸರಿಯಾಗೇ ಐತೆ. ಮನಸ್ಸಿಗೆ ಹಚ್ಕೊಂಡವ್ಳೆ, ಅಷ್ಟೇ" ಎಂದರು.

ಬೀದಿಯವರು ನೋಡುತ್ತಿದ್ದದ್ದು ಆಕೆ ಹೊರಗೆ ಬಂದ ದಿನಗಳನ್ನು ಮಾತ್ರ. ಸಾಕಮ್ಮನ ಮೊಮ್ಮಗುವಿನ ನಾಮಕರಣದಲ್ಲಿ ಅತ್ತಿಗೆ ಎರಡು ಹಾಡು ಹೇಳಿದರು. "ನಿನ್ನೆ ಕೋಗಿಲೆ ಹಂಗೆ ಹಾಡಿದ್ಲು, ಇವತ್ತು ನೀರು ಸೇದೋಕ್ ಕೈ ಬರಲ್ವಂತೆ! ಲೆಕ್ಕ ತಪ್ಪಿದೋಳು" ಎಂದು ಬಾವಿಕಟ್ಟೆಯಲ್ಲಿ ನಕ್ಕರು. ಸಾಕಮ್ಮನೂ ನಕ್ಕಳು. ನಾನು ಕೊಡ ಹಿಡಿದು ಅಲ್ಲೇ ನಿಂತಿದ್ದೆ. ಅವಳ ಗೂಡಿನಲ್ಲಿ ನೂರಾ ಹತ್ತು ಬೀಜ ಇದೆಯೆಂಬುದು ನನಗೆ ಗೊತ್ತಿತ್ತು.

ಬಾವಿಕಟ್ಟೆಯ ನಗುವನ್ನು ಹೇಗೋ ತಡೆದುಕೊಳ್ಳಬಹುದು. ಹೆಸರು ಕೂಗುವ ದಿನ ಹಾಗಲ್ಲ. ವರ್ಷಕ್ಕೊಂದು ಸಲ ಊರಿನವರೆಲ್ಲ ಮೇಲೆ ಹೋಗಬೇಕು. ಗುಮಾಸ್ತ ಸೂರಪ್ಪನವರು ಪಟ್ಟಿ ನೋಡಿ ಹೆಸರು ಕೂಗುತ್ತಾರೆ, ಹೆಸರಿನವರು ತಮ್ಮ ಅಂಕಿ ಹೇಳಬೇಕು. ಮೂರು ವರ್ಷ ಒಂದೇ ಸಮ ಹತ್ತದಿದ್ದವರ ಹೆಸರಿಗೆ ಗೀಟು. ಗೀಟು ಬಿದ್ದವರು ಎಂಟು ದಿನದೊಳಗೆ ಊರು ಬಿಡಬೇಕು. ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ, ಹಾಸಿಗೆ ಹಿಡಿದ ಮುದುಕರಿಗೆ ಪಟ್ಟಿಯ ಕೊನೆಯಲ್ಲಿ ಬೇರೆ ಪುಟ ಇದೆ. ಆ ಪುಟಕ್ಕೆ ಹೋಗಬೇಕಾದರೆ ವೈದ್ಯರು ಕಾಯಿಲೆಯ ಹೆಸರು ಹೇಳಬೇಕು. ಅತ್ತಿಗೆಯ ಕಾಯಿಲೆಗೆ ಹೆಸರಿರಲಿಲ್ಲ. ಎರಡು ವರ್ಷ ಆಗಲೇ ತಪ್ಪಿತ್ತು. ಅದರಲ್ಲಿ ಎರಡನೆಯದು ಹೋದ ವರ್ಷದ್ದು, ಆಗ ಆಕೆ ಹಟಮಾಡಿ ಹೊರಟೇ ಹೊರಟರು. ನಾನು ಕೆಳಗಿನಿಂದ ಕೇಳುತ್ತಿದ್ದೆ. ನಾನೂರಾ ಹನ್ನೆರಡು. ತಲುಪಿದಾಗ ಚಾವಡಿಯ ಬಾಗಿಲು ಹಾಕಿತ್ತು. ಆಮೇಲೆ ಮಳೆಗಾಲ ಪೂರ್ತಿ ಆಕೆ ಕತ್ತಲ ಕೋಣೆಯಲ್ಲಿ ಮಲಗಿದ್ದರು, ನಾನೇ ಗಂಜಿ ಕುಡಿಸುತ್ತಿದ್ದೆ.

ಈ ವರ್ಷ ಆ ದಿನಕ್ಕೆ ಇಪ್ಪತ್ತು ದಿನ ಇರುವಾಗ ಅಣ್ಣ ರಾಚಪ್ಪ ಬಾಚಣಿಗೆ ಕೊರೆಯುತ್ತಾ ಕೂತವನು, ತಲೆಯೆತ್ತದೆ ಹೇಳಿದ. "ಒಂದೇ ಒಂದ್ ದಿನ ಮನಸ್ ಗಟ್ಟಿ ಮಾಡ್ಕೊಂಡ್ರೆ ಆಯ್ತದೆ. ಆಮೇಲ್ ಬೇಕಾದ್ರೆ ಒಂದ್ ವರ್ಷ ಮಲ್ಕೊಳ್ಲಿ, ನಾನೇನ್ ಬೇಡ ಅಂದ್ನಾ?"

ಒಳಗಿನಿಂದ ಅತ್ತಿಗೆಯ ದನಿ ಬಂತು. "ಕಾಲ್ ಕೊಟ್ರೆ ಹತ್ತೀನಿ ಕಣ್ರೀ. ಮನಸ್ಸು ಅವತ್ತಿಂದ ಮೇಲೇ ಕೂತೈತೆ, ಕಾಲೇ ಬಂದಿಲ್ಲ."

ಅಣ್ಣ ಕೆಟ್ಟವನಲ್ಲ. ಆಕೆಯ ಹೆಸರು ಹೋದರೆ ತಾನೂ ಊರು ಬಿಡುವವನೇ. ಆದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ. ಹತ್ತದಿದ್ದರೆ ಹೆಸರು ಹೋಗುತ್ತದೆ, ಹತ್ತಿದರೆ ಅತ್ತಿಗೆಯೇ ಉಳಿಯುತ್ತಾರೋ ಇಲ್ಲವೋ. ಗೂಡಿನ ಬೀಜ ಎಣಿಸಿ ನೋಡಿದವಳಿಗೆ ಅದು ಗೊತ್ತಿತ್ತು.

ಹೆಸರು ಕೂಗುವ ಮೊದಲು ಚಾವಡಿಯಲ್ಲಿ ಊರಿನವರ ಅಹವಾಲು ಕೇಳುವ ದಿನವೊಂದಿದೆ. ಅವತ್ತು ಬೆಳಿಗ್ಗೆ ನಾನು ಆ ಬೀಜಗಳನ್ನೆಲ್ಲ ತೆಗೆದು, ಒಬ್ಬೊಬ್ಬರದನ್ನು ಒಂದೊಂದು ಬಟ್ಟೆ ತುಂಡಿನಲ್ಲಿ ಕಟ್ಟಿದೆ. ಇಪ್ಪತ್ತಮೂರು ಗಂಟಾಯಿತು. ಅತ್ತಿಗೆಗೆ ಅವತ್ತು ಸ್ವಲ್ಪ ಪರವಾಗಿಲ್ಲ ಎನ್ನುವ ದಿನ. "ನೀ ಮೇಲ್ ಹೋದ್ರೆ ಚಪ್ಪಲಿ ಯಾರ್ ಕಾಯೋದು? ನಾ ಕೂತಿರ್ತೀನಿ ಹೋಗು" ಎಂದು ಬಂದು ಮಣೆಯ ಮೇಲೆ ಕೂತು ಗೋಡೆಗೆ ತಲೆಯಾನಿಸಿದರು. "ಅಲ್ಲ ಹೊನ್ನಿ, ಎಣಿಸೋಕೆ ಬಾಯ್ ಬತ್ತದಾ ನಿಂಗೆ?"

"ನೋಡೋಣ ಅತ್ತಿಗೆ" ಎಂದೆ.

ಮೊದಲ ಮೆಟ್ಟಿಲಲ್ಲಿ ಒಂದು ಎಂದೆ, ನನಗೇ ಕೇಳಿಸಲಿಲ್ಲ. ಮತ್ತೆ ಕೆಳಗಿಳಿದು ಮತ್ತೆ ಒಂದು ಎಂದೆ. ಹತ್ತರ ಹೊತ್ತಿಗೆ ಮುಂದಿದ್ದವರು ತಿರುಗಿ ನೋಡಿದರು. ಇಪ್ಪತ್ತಕ್ಕೆ ಕಿವಿ ಬಿಸಿಯಾಯಿತು. ನಲವತ್ತು ದಾಟಿದ ಮೇಲೆ ನನಗೆ ನನ್ನ ಅಂಕಿ ಏನಿರಬಹುದು ಎಂಬ ಕುತೂಹಲವೇ ಹೆಚ್ಚಾಗಿ, ನಾಚಿಕೆ ಎಲ್ಲೋ ಹಿಂದೆ ಉಳಿಯಿತು. ಎಪ್ಪತ್ತಮೂರು. ಇಪ್ಪತ್ತೆರಡು ವರ್ಷ ನನ್ನದೆಷ್ಟು ಎಂದು ಗೊತ್ತಿಲ್ಲದೆ ಬದುಕಿದ್ದೆ. ಎಪ್ಪತ್ತಮೂರು ಎಂದು ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡೆ. ಚೆನ್ನಾಗಿದೆ ಎನಿಸಿತು.

ಚಾವಡಿಯ ಜಮಖಾನದ ಮೇಲೆ ಇಪ್ಪತ್ತಮೂರು ಗಂಟುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ಏನಮ್ಮ ಇದು, ಹುಣಸೆ ಬೀಜ? ಚೌಕಾಬಾರ ಆಡೋಣ ಅಂತಲೋ?" ಸಭೆ ನಕ್ಕಿತು.

"ಮೆಟ್ಟಿಲು" ಎಂದೆ. "ಪಟ್ಟೀಲಿ ಇರೋದಕ್ಕಿಂತ ಜಾಸ್ತಿ ಹತ್ತಿದ್ದು. ಒಂದೊಂದ್ ಗುಡ್ಡೆ ಒಬ್ಬೊಬ್ರುದು. ನಮ್ಮತ್ತಿಗೆ ಸುಳ್ಳಿ ಅಲ್ಲ ಬುದ್ಧಿ. ಕೆಲವರಿಗೆ ಮೆಟ್ಟಿಲು ಬದಲಾಗ್ತವೆ."

"ಯಾರ್ಯಾರಿಗೆ? ಹೆಸರು ಹೇಳು."

ಕೇಳಿದ ಅಧ್ಯಕ್ಷರದೇ ಆರನೇ ಗುಡ್ಡೆ. ಅವರ ಬಲಗಾಲಿನ ಹೆಬ್ಬೆರಳು ಅದಕ್ಕೆ ತಾಗುವಷ್ಟು ಹತ್ತಿರದಲ್ಲಿತ್ತು. ಕಂಬಕ್ಕೆ ಒರಗಿ ನಿಂತಿದ್ದ ಕೆಂಚಣ್ಣ ನಗುವುದನ್ನು ನಿಲ್ಲಿಸಿ ತನ್ನ ಪಾದ ನೋಡಿಕೊಳ್ಳುತ್ತಿದ್ದ. ಸಾಕಮ್ಮ ಬಳೆ ತಿರುಗಿಸುತ್ತಿದ್ದಳು.

"ಹೇಳಲ್ಲ" ಎಂದೆ. "ಅವರವರೇ ಹೇಳ್ಬೇಕು."

ಯಾರೂ ಹೇಳಲಿಲ್ಲ. ಅಧ್ಯಕ್ಷರು ಕೆಮ್ಮಿದರು. "ನೋಡಮ್ಮ, ಅಂಕಿ ಬದಲಾಗ್ತವೆ ಅಂತ ಒಪ್ಕೊಂಡ್ರೆ ಪಟ್ಟಿ ಇದ್ದೂ ಇಲ್ದಂಗೆ. ನಾಳೆ ಯಾರು ಬೇಕಾದ್ರೂ ಮನೇಲಿ ಕೂತು ನಂದೈನೂರು ಅಂತಾರೆ. ಬೀಜ ತಗೊಂಡ್ ಹೋಗು." ಸೂರಪ್ಪನವರು ಪುಸ್ತಕ ಮುಚ್ಚುತ್ತಾ ಕೇಳಿದರು: "ಅದಿರ್ಲಿ, ಈಗ ಕೆಳಗೆ ಚಪ್ಪಲಿ ಯಾರು ಕಾಯ್ತಾ ಅವ್ರೆ?"

"ನಮ್ಮತ್ತಿಗೆ."

ಸೂರಪ್ಪನವರು ನನ್ನನ್ನು ಒಂದು ಗಳಿಗೆ ನೋಡಿದರು. ಯಾಕೆ ಹಾಗೆ ನೋಡಿದರು ಎಂದು ಇಳಿಯುವಾಗ ಯೋಚಿಸಿದೆ, ತಿಳಿಯಲಿಲ್ಲ. ಕೆಳಗೆ ಅತ್ತಿಗೆ ಇಬ್ಬರಿಗೆ ಅದಲುಬದಲು ಚಪ್ಪಲಿ ಕೊಟ್ಟು, ನಗುತ್ತಾ ಕೂತಿದ್ದರು.

ಕೂತಿದ್ದಕ್ಕೇ ಎರಡು ದಿನ ಮಲಗಿದರು. ಮೂರನೇ ದಿನ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ, ಕಣ್ಣಿನ ಮೇಲಿನ ಒದ್ದೆ ಬಟ್ಟೆ ತೆಗೆಯದೆಯೇ ಕೇಳಿದರು. "ಹೊನ್ನಿ, ಮೊನ್ನೆ ಬಿಟ್ರೆ ನೀ ಈ ಹದಿನೈದು ವರ್ಷದಲ್ಲಿ ಒಂದ್ಸಲಾನೂ ಹತ್ತಿಲ್ಲ. ನಿನ್ ಹೆಸರಿಗ್ ಯಾಕೆ ಗೀಟ್ ಬಿದ್ದಿಲ್ಲ?"

"ಚಪ್ಪಲಿ ಕಾಯೋರ ಹೆಸರು ಕೊನೇಲಿ ಕೂಗ್ತಾರೆ. ಸೂರಪ್ಪನೋರು ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿ ಕೂಗ್ತಾರೆ, ನಾ ಕೈ ಎತ್ತೀನಿ. ಅಜ್ಜಿ ಕಾಲದಿಂದ ಹಂಗೇ."

"ಎಷ್ಟ್ ಜನ ಕಾಯ್ಬೇಕು ಅಂತ ಎಲ್ಲಾದ್ರೂ ಬರ್ದವ್ರಾ?"

ನಾನು ಬಟ್ಟಲು ಕೆಳಗಿಟ್ಟೆ. ಅತ್ತಿಗೆ ಬಟ್ಟೆ ಸರಿಸಿ ಒಂದು ಕಣ್ಣು ತೆರೆದರು. "ನನ್ ಮೈ ಬಿದ್ದೈತೆ ಕಣೇ. ತಲೆ ಬಿದ್ದಿಲ್ಲ."

ಆಮೇಲಿನ ಹದಿನೈದು ದಿನ ನಾನು ಮಾಡಿದ್ದು ಇಷ್ಟೇ. ಬೀಜ ಇದ್ದ ಗೂಡಿನವರಿಗೆ ಚಪ್ಪಲಿ ವಾಪಸು ಕೊಡುವಾಗ, ಬಗ್ಗಿದಲ್ಲೇ, "ಹೆಸರು ಕೂಗೋ ದಿನ ಕೆಳಗೆ ಕೂರೋಕ್ ಜಾಗ ಐತೆ" ಎಂದೆ. ಸಾಕಮ್ಮ "ಅಯ್ಯೋ ನಂಗ್ಯಾಕವ್ವ" ಎಂದು ಬೇರೆ ಕಡೆ ನೋಡಿದಳು. ಕೆಂಚಣ್ಣ ಎಡದ ಚಪ್ಪಲಿ ಬಲಕ್ಕೆ ಹಾಕಿಕೊಂಡು ಹೋಗಿ, ಹತ್ತು ಹೆಜ್ಜೆ ಆದಮೇಲೆ ನಿಂತು ಬದಲಾಯಿಸಿಕೊಂಡ. ಬಾಕಿಯವರು ಕೇಳಿಸದವರ ಹಾಗೆ ಹೋದರು. ಅಧ್ಯಕ್ಷರಿಗೆ ಮಾತ್ರ ಹೇಳಲಿಲ್ಲ. ಎರಡು ಸಲ ಬಾಯಿ ತೆರೆದೆ, ಧೈರ್ಯ ಬರಲಿಲ್ಲ.

ಹೆಸರು ಕೂಗುವ ದಿನ ಅಣ್ಣ ಅತ್ತಿಗೆಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲ ಬುಡದವರೆಗೆ ತಂದ. ಆಕೆಗೆ ಅವತ್ತು ಕೆಟ್ಟ ದಿನ. ತಲೆಗೆ ಮುಸುಕು ಹಾಕಿ, ಕಿವಿಗೆ ಹತ್ತಿ ಇಟ್ಟು ಗೋಡೆಗೆ ಒರಗಿಸಿದೆವು. ಬೇರೆ ಯಾರೂ ಬಂದಿರಲಿಲ್ಲ. ಇಬ್ಬರಿರುವಾಗ ಒಬ್ಬರು ಸಾಕು ಎಂದು ಯಾರಾದರೂ ತಗಾದೆ ತೆಗೆಯಬಾರದೆಂದು ನಾನು ಮೇಲೆ ಹೊರಟೆ. ಎಣಿಸುತ್ತಲೇ ಹೋದೆ, ಈ ಸಲ ತಿರುಗಿ ನೋಡಿದವರನ್ನು ನಾನೂ ನೋಡಿದೆ. ಮೇಲೆ ತಲುಪಿದಾಗ ಎಪ್ಪತ್ತೈದು. ನಿಂತುಬಿಟ್ಟೆ. ಹೋದ ಸಲ ಎಪ್ಪತ್ತಮೂರು ಆಗಿತ್ತಲ್ಲ? ತಪ್ಪಿ ಎಣಿಸಿದೆನೇ? ಇಲ್ಲ, ಎರಡು ಸಲವೂ ಸರಿಯಾಗಿಯೇ ಎಣಿಸಿದ್ದೆ. ಸಭೆಯಲ್ಲಿ ತುಂಬಿದ್ದ ಜನರನ್ನು ನೋಡಿದೆ. ಇವರಲ್ಲಿ ಕೊನೆಯದಾಗಿ ನಿಜವಾಗಿ ಎಣಿಸಿದವರು ಯಾರು, ಯಾವಾಗ?

ಹೆಸರುಗಳು ಸಾಗಿದವು. ಕೆಂಚಣ್ಣನ ಹೆಸರಿಗೆ ಉತ್ತರ ಬರಲಿಲ್ಲ. ಸಾಕಮ್ಮನ ಹೆಸರಿಗೂ ಬರಲಿಲ್ಲ. ಸೂರಪ್ಪನವರು ಒಂದೊಂದು ಸಲವೂ ಪೆನ್ನು ಎತ್ತಿ ಹಾಗೇ ಮುಂದೆ ಹೋದರು. ಕೊನೆಗೆ "ಹೊನ್ನಮ್ಮ" ಎಂದು ತಲೆಯೆತ್ತಿ ನನ್ನನ್ನು ಕಂಡರು. "ಓ, ನೀನೂ ಬಂದ್ಯಾ. ಎಷ್ಟಮ್ಮ?"

"ಎಪ್ಪತ್ತೈದು" ಎಂದೆ. "ಇವತ್ತಿಗೆ."

ಪೆನ್ನು ನಿಂತಿತು. "ಇವತ್ತಿಗೆ ಅಂದ್ರೆ?"

"ಇವತ್ತಿಗೆ ಅಂದ್ರೆ ಇವತ್ತಿಗೆ."

ಅವರು ಅಧ್ಯಕ್ಷರ ಮುಖ ನೋಡಲಿಲ್ಲ. ಎಪ್ಪತ್ತೈದು ಎಂದು ಬರೆದು, ಪಕ್ಕದಲ್ಲಿ ಏನೋ ಸಣ್ಣದಾಗಿ ಸೇರಿಸಿ, ಪುಸ್ತಕ ಹಿಡಿದೇ ಎದ್ದು ಮೆಟ್ಟಿಲ ತುದಿಗೆ ನಡೆದರು. ಸಭೆ ಪೂರ್ತಿ ಹಿಂದೆ ಬಂತು. "ಚಪ್ಪಲಿ ಕಾಯೋರು!" ಎಂದು ಕೂಗಿದರು.

ಅಷ್ಟು ಮೇಲಿನಿಂದ ನನ್ನ ಜಾಗವನ್ನು ನಾನು ಹೀಗೆ ನೋಡಿಯೇ ಇರಲಿಲ್ಲ. ಮೊದಲು ಅತ್ತಿಗೆಯ ಮುಸುಕು ಕಂಡಿತು. ಮುಸುಕಿನೊಳಗಿಂದ ಒಂದು ಕೈ ನಿಧಾನಕ್ಕೆ ಎದ್ದಿತು. ಪಕ್ಕದಲ್ಲಿ ಮಂಡಿ ಮಡಚಿ ಕೂತಿದ್ದ ಕೆಂಚಣ್ಣ ಅಷ್ಟು ದೊಡ್ಡ ಕೈ ಎತ್ತಿದ. ಸಾಕಮ್ಮ ಬಳೆಗೈ ಎತ್ತಿದಳು. ಸೂರಪ್ಪನವರು ಬೆರಳು ಮಾಡಿ ಎಣಿಸಿದರು. ನನ್ನ ಬೀಜದ ಲೆಕ್ಕಕ್ಕೆ ಅಧ್ಯಕ್ಷರನ್ನು ಬಿಟ್ಟರೆ ಇಪ್ಪತ್ತೆರಡು ಜನ ಆಗಬೇಕಿತ್ತು. ಅವರು ಇಪ್ಪತ್ತೆರಡಕ್ಕೆ ನಿಲ್ಲಲಿಲ್ಲ. ಗೋಡೆಯ ನೆರಳಿನಲ್ಲಿ ಚಾಪೆ ಹಾಸಿ ಮಲಗಿಸಿದ್ದವರು ಕೆಲವರಿದ್ದರು. ಒಂದು ಹುಡುಗಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಿದ್ದಳು, ಅವಳ ಕೈಯನ್ನು ಅಮ್ಮನೇ ಎತ್ತಿ ಹಿಡಿದಳು. ಅವರ ಅಂಕಿ ನನಗೆ ಗೊತ್ತಿರಲಿಲ್ಲ, ಮುಖವೂ ಗೊತ್ತಿರಲಿಲ್ಲ. ಮೆಟ್ಟಿಲ ಬುಡದವರೆಗೂ ಬರಲಾಗದವರ ಚಪ್ಪಲಿ ನನ್ನ ಗೂಡಿಗೆ ಬರುವುದಾದರೂ ಹೇಗೆ?

"ಮೂವತ್ತೊಂದು" ಎಂದರು ಸೂರಪ್ಪನವರು.

"ಮೂವತ್ತೊಂದ್ ಜನ ಚಪ್ಪಲಿ ಕಾಯೋಕಾ?" ಹಿಂದಿನಿಂದ ಯಾರೋ ಕೂಗಿದರು. "ಇದೇನ್ ತಮಾಷೆನಾ?"

"ಇಷ್ಟೇ ಜನ ಇರ್ಬೇಕು ಅಂತ ಪುಸ್ತಕದಲ್ಲಿಲ್ಲ" ಎಂದರು ಸೂರಪ್ಪನವರು. "ನಾನ್ ಹದಿನೈದ್ ದಿನದಿಂದ ಹುಡುಕ್ದೆ." ಅಲ್ಲೇ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಒಂದೊಂದೇ ಹೆಸರು ಕೂಗಿ ಬರೆದುಕೊಂಡರು. ಕೆಳಗಿನಿಂದ ಕೆಲವರ ದನಿ ಬರಲಿಲ್ಲ, ಪಕ್ಕದವರು ಹೇಳಿದರು. ಅಧ್ಯಕ್ಷರು ಬೇಡ ಎನ್ನಬಹುದಿತ್ತು. ಅವರು ಕೆಳಗೆ ನೋಡುತ್ತಾ ನಿಂತಿದ್ದರು, ಕೆಮ್ಮಲೂ ಇಲ್ಲ.

ಸಭೆ ಮುಗಿದ ಮೇಲೆ ಚಪ್ಪಲಿಯ ಗೊಂದಲ ಹೇಳತೀರದು. ಮೂವತ್ತೊಂದು ಜನ ಸೇರಿ ಒಂದು ಜೊತೆಯನ್ನೂ ಸರಿಯಾದ ಗೂಡಿನಲ್ಲಿಟ್ಟಿರಲಿಲ್ಲ. ಕೆಂಚಣ್ಣ ಎರಡೂ ಕೈಯಲ್ಲಿ ಬೇರೆ ಬೇರೆ ಚಪ್ಪಲಿ ಹಿಡಿದು "ಇದ್ಯಾರ್ದಪ್ಪಾ, ಇದ್ಯಾರ್ದು" ಎಂದು ಸಂತೆಯಲ್ಲಿ ಮಾರುವವನ ಹಾಗೆ ಕೂಗುತ್ತಿದ್ದ. ಜನ ಬೈಯುತ್ತಾ ನಗುತ್ತಾ ಹುಡುಕಿಕೊಂಡು ಹೋದರು. ಗದ್ದಲಕ್ಕೆ ಅತ್ತಿಗೆ ಮುಸುಕನ್ನು ಇನ್ನಷ್ಟು ಎಳೆದುಕೊಂಡರು. ಅವರು ಇನ್ನು ವಾರವಿಡೀ ಏಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಆದರೆ ಏಳದಿದ್ದರೂ ಅವರ ಮನೆ ಅವರದೇ.

ಎಲ್ಲರೂ ಹೋದಮೇಲೆ ಅಧ್ಯಕ್ಷರು ಇಳಿದು ಬಂದರು. ಅವರ ಚಪ್ಪಲಿ ನಾನೇ ಮೊದಲೇ ಹುಡುಕಿ ತೆಗೆದಿಟ್ಟಿದ್ದೆ. ಒಂದು ಕಾಲಿಗೆ ಹಾಕಿಕೊಂಡು, ಇನ್ನೊಂದನ್ನು ಹಾಕಿಕೊಳ್ಳದೆ ಅತ್ತಿಗೆಯ ಕಡೆ ತಿರುಗಿದರು. ನಮ್ಮೂರಲ್ಲಿ ಯಾರನ್ನೂ ಎರಡನೇ ಸಲ ಎಷ್ಟು ಎಂದು ಕೇಳುವ ವಾಡಿಕೆ ಇಲ್ಲ. ಅವರು ಕೇಳಿದರು.

"ಇವತ್ತಿಗೆ ಎಷ್ಟಮ್ಮ?"

ಅತ್ತಿಗೆ ಕಣ್ಣು ತೆರೆಯಲಿಲ್ಲ. "ಇವತ್ತು ಹತ್ತಿಲ್ಲ ಬುದ್ಧಿ. ಹತ್ತಿದ್ರೆ ಐನೂರ್ ದಾಟೋದು." ಸ್ವಲ್ಪ ಉಸಿರು ತೆಗೆದುಕೊಂಡು ಕೇಳಿದರು. "ನಿಮ್ದು?"

ಅಧ್ಯಕ್ಷರು ಬೀದಿಯ ಆ ತುದಿ, ಈ ತುದಿ ನೋಡಿದರು. ಯಾರೂ ಇರಲಿಲ್ಲ. ಅಣ್ಣ ಒಬ್ಬನೇ ಬೆನ್ನು ಬಗ್ಗಿಸಿ ಅತ್ತಿಗೆಯನ್ನು ಎತ್ತಿಕೊಳ್ಳಲು ಕಾದಿದ್ದ.

"ತೊಂಬತ್ತನಾಲ್ಕು" ಎಂದರು.

ಅಭ್ಯಾಸಬಲದಿಂದ ನನ್ನ ಕೈ ಬೀಜದ ಡಬ್ಬಿಗೆ ಹೋಯಿತು. ಮೂವತ್ತಮೂರು ಬೀಜ ಎಣಿಸಬೇಕಿತ್ತು. ಆಮೇಲೆ ಬೇಡವೆನಿಸಿ ಮುಚ್ಚಳ ಹಾಕಿದೆ. ಅವರೇ ಬಾಯಿಬಿಟ್ಟು ಹೇಳಿದ್ದರಲ್ಲ.